ಇಂಧನದಲ್ಲಿ ನೀರು ಮತ್ತು ಕಸ: ಸಣ್ಣ ವಿಮಾನಗಳಿಂದ ಕಲಿಯಬೇಕಾದ ಪಾಠ

ನೀರೆತ್ತುವ ಡೀಸೆಲ್ ಎಂಜಿನ್ ನಡುವೆ ನಿಂತರೆ ಮಡಿಗೆ ಹರಿಯುವ ನೀರು ನಿಲ್ಲುತ್ತದೆ. ಬಿತ್ತನೆಯ ಹೊತ್ತಿಗೆ ಟ್ರ್ಯಾಕ್ಟರ್ ನಿಂತರೆ ಭೂಮಿಯ ಹದ ತಪ್ಪುತ್ತದೆ. ಒಂದೇ ಎಂಜಿನ್ ಇರುವ ಸಣ್ಣ ವಿಮಾನದಲ್ಲಿ, ಅದೂ ನೆಲ ಬಿಟ್ಟ ಅರ್ಧ ನಿಮಿಷದೊಳಗೆ ಎಂಜಿನ್ ನಿಂತರೆ ಚಾಲಕನ ಪ್ರಾಣವೇ ಹೋಗಬಹುದು. ಈ ಮೂರಕ್ಕೂ ಸಾಮಾನ್ಯವಾದ ಒಂದು ಕಾರಣವಿದೆ. ಅದು ಇಂಧನದೊಳಗೆ ಸೇರಿಕೊಂಡ ನೀರು, ಕಸ ಅಥವಾ ಸೇರಬಾರದ ಬೇರೊಂದು ದ್ರವ.

ರೈತರ ಪತ್ರಿಕೆಯಲ್ಲಿ ವಿಮಾನದ ಮಾತೇಕೆ ಎಂದು ನೀವು ಕೇಳಬಹುದು. ಬೆಳೆಗೆ ಔಷಧಿ ಸಿಂಪಡಿಸುವ ವಿಮಾನಗಳು ಕೃಷಿಗೆ ಹೊಸತೇನಲ್ಲ. ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆ ಈ ಕೆಲಸಕ್ಕೆಂದೇ ರೂಪಿಸಿದ ‘ಬಸಂತ್’ ವಿಮಾನ 1972ರಲ್ಲಿ ಮೊದಲ ಬಾರಿಗೆ ಹಾರಿತು. ಅದಕ್ಕಿದ್ದುದು 400 ಅಶ್ವಶಕ್ತಿಯ ಒಂದೇ ಪೆಟ್ರೋಲ್ ಎಂಜಿನ್. ಇಂಥ ವಿಮಾನ ಬೆಳೆಯ ತಲೆಯ ಮೇಲೆ ಕೆಲವೇ ಮೀಟರ್ ಎತ್ತರದಲ್ಲಿ ಹಾರಬೇಕಾಗುತ್ತದೆ. ಅಷ್ಟು ತಗ್ಗಿನಲ್ಲಿ ಎಂಜಿನ್ ಕೈಕೊಟ್ಟರೆ ತೇಲಿಕೊಂಡು ಹೋಗಿ ಇಳಿಯಲು ಎತ್ತರವೇ ಇರುವುದಿಲ್ಲ. (ಇಂದಿನ ಸಿಂಪಡಣೆ ಡ್ರೋನುಗಳು ಬಹುಪಾಲು ಬ್ಯಾಟರಿಯಿಂದ ನಡೆಯುವುದರಿಂದ ಅವಕ್ಕೆ ಈ ಕಾಟವಿಲ್ಲ, ಅವುಗಳ ಕಾಟವೇ ಬೇರೆ.) ತಪ್ಪಿಗೆ ತಕ್ಷಣ ಶಿಕ್ಷೆ ಸಿಗುವ ಕಡೆ ಎಚ್ಚರಿಕೆಯೂ ಹೆಚ್ಚು. ಇಂಧನದ ವಿಷಯದಲ್ಲಿ ವಿಮಾನ ಚಾಲಕರು ರೂಢಿಸಿಕೊಂಡಿರುವ ಪದ್ಧತಿಗಳಿಗೆ ಖರ್ಚು ಕಡಿಮೆ. ಅವುಗಳಲ್ಲಿ ಹೆಚ್ಚಿನವನ್ನು ನಮ್ಮ ಪಂಪ್‌ಸೆಟ್ಟಿಗೂ ಟಿಲ್ಲರಿಗೂ ಹಾಗೆಯೇ ಅನ್ವಯಿಸಬಹುದು.

ಮೇಲೇರುವಾಗಲೇ ಏಕೆ ನಿಲ್ಲುತ್ತದೆ?

ಒಂದು ಲೀಟರ್ ನೀರಿನ ತೂಕ ಒಂದು ಕಿಲೋಗ್ರಾಂ. ಅಷ್ಟೇ ಪ್ರಮಾಣದ ವಿಮಾನ ಪೆಟ್ರೋಲ್ ಸುಮಾರು 720 ಗ್ರಾಂ, ಡೀಸೆಲ್ ಸುಮಾರು 830 ಗ್ರಾಂ ತೂಗುತ್ತದೆ. ಆದುದರಿಂದ ಟ್ಯಾಂಕಿಗೆ ಸೇರಿದ ನೀರು ಎಣ್ಣೆಯೊಡನೆ ಬೆರೆಯದೆ ತಳಕ್ಕೆ ಇಳಿದು ಕೂರುತ್ತದೆ. ಅನೇಕ ಸಣ್ಣ ವಿಮಾನಗಳಲ್ಲಿ ಟ್ಯಾಂಕುಗಳಿರುವುದು ರೆಕ್ಕೆಗಳೊಳಗೆ. ವಿಮಾನ ನೆಲದ ಮೇಲೆ ನಿಂತಿರುವಾಗ ನೀರು ಟ್ಯಾಂಕಿನ ಒಂದು ಮೂಲೆಯಲ್ಲೋ ಮಡಿಕೆಯಲ್ಲೋ ತಣ್ಣಗೆ ಕುಳಿತಿರುತ್ತದೆ. ಎಂಜಿನ್ ಹೊತ್ತಿಕೊಂಡಾಗ, ವಿಮಾನ ಓಡುದಾರಿಯ ತುದಿಯವರೆಗೆ ಉರುಳಿಕೊಂಡು ಹೋಗುವಾಗ, ಕೊಳವೆಯಲ್ಲಿಯೂ ಕಾರ್ಬ್ಯುರೇಟರಿನಲ್ಲಿಯೂ ಇರುವ ಶುದ್ಧ ಪೆಟ್ರೋಲೇ ಖರ್ಚಾಗುತ್ತದೆ. ಎಲ್ಲವೂ ಸರಿಯಾಗಿದೆ ಎಂದು ಚಾಲಕ ಭಾವಿಸುತ್ತಾನೆ. ನೆಲ ಬಿಟ್ಟು ಮೂತಿ ಮೇಲೆತ್ತಿದ ಕೂಡಲೇ ಟ್ಯಾಂಕು ಓರೆಯಾಗುತ್ತದೆ. ಮೂಲೆಯಲ್ಲಿದ್ದ ನೀರು ಹಿಂದಕ್ಕೆ ಜಾರಿ ಹೊರಬಾಯಿಗೆ ಬರುತ್ತದೆ.

ಸ್ವಲ್ಪ ಲೆಕ್ಕ ಹಾಕೋಣ. 100 ಅಶ್ವಶಕ್ತಿಯ ವಿಮಾನ ಎಂಜಿನ್ ಪೂರ್ಣ ವೇಗದಲ್ಲಿ ಗಂಟೆಗೆ ಸುಮಾರು 30 ಲೀಟರ್ ಪೆಟ್ರೋಲ್ ಕುಡಿಯುತ್ತದೆ. ಎಂದರೆ ಸೆಕೆಂಡಿಗೆ ಸುಮಾರು 8 ಮಿಲಿ ಲೀಟರ್. 150 ಮಿಲಿ ಲೀಟರ್ ಹಿಡಿಯುವ ಒಂದು ಸಣ್ಣ ಲೋಟದಷ್ಟು ನೀರು ಹೊರಬಾಯಿಗೆ ಬಂದರೆ ಎಂಜಿನ್ನಿಗೆ ಹತ್ತಿರ ಹತ್ತಿರ 18 ಸೆಕೆಂಡು ಪೆಟ್ರೋಲೇ ಸಿಗುವುದಿಲ್ಲ. ನೀರಿನ ಮೇಲೆ ಯಾವ ಎಂಜಿನ್ನೂ ಅಷ್ಟು ಹೊತ್ತು ತಿರುಗುವುದಿಲ್ಲ. ಆಗ ಹಿಂದಿರುಗಿ ನಿಲ್ದಾಣಕ್ಕೇ ಬರೋಣವೆಂಬ ಆಸೆ ಸಹಜ. ಆದರೆ ಅಷ್ಟು ಕಡಿಮೆ ಎತ್ತರದಲ್ಲಿ ತಿರುಗಲು ಹೋದ ವಿಮಾನ ವೇಗ ಕಳೆದುಕೊಂಡು ಮಗುಚಿ ಬೀಳುವುದೇ ಹೆಚ್ಚು. ಆದುದರಿಂದ ಮೂತಿ ತಗ್ಗಿಸಿ, ಎದುರಿಗೆ ಸಿಕ್ಕ ಬಯಲಿನಲ್ಲಿ ನೇರವಾಗಿ ಇಳಿಸಬೇಕೆಂದು ಕಲಿಯುವವರಿಗೆ ಮೊದಲಿಂದಲೂ ಹೇಳಿಕೊಡಲಾಗುತ್ತದೆ.

ಅಮೆರಿಕದ ಸೆಸ್ನಾ ವಿಮಾನಗಳ ಕೆಲವು ಮಾದರಿಗಳಲ್ಲಿ ರೆಕ್ಕೆಯೊಳಗೆ ಲೋಹದ ತೊಟ್ಟಿಯ ಬದಲು ರಬ್ಬರಿನಂಥ ಚೀಲವನ್ನು ಟ್ಯಾಂಕಾಗಿ ಇಡಲಾಗಿತ್ತು. ಚೀಲದ ತಳದಲ್ಲಿ ಸುಕ್ಕು ಬಿದ್ದರೆ ಆ ಸುಕ್ಕಿನ ಹಿಂದೆ ನೀರು ನಿಂತುಬಿಡುತ್ತಿತ್ತು. ಕೆಳಗಿನ ತಿರುಪು ಬಿಚ್ಚಿ ನೋಡಿದರೆ ಶುದ್ಧ ಪೆಟ್ರೋಲೇ ಬರುತ್ತಿತ್ತು. ಇದರಿಂದಾದ ಅಪಘಾತಗಳ ನಂತರ 1984ರಲ್ಲಿ ಅಲ್ಲಿನ ನಾಗರಿಕ ವಿಮಾನಯಾನ ಆಡಳಿತವು ಈ ಚೀಲಗಳನ್ನು ಪರೀಕ್ಷಿಸಿ ಸುಕ್ಕು ತೆಗೆಯಬೇಕೆಂದು ಆದೇಶ ಹೊರಡಿಸಿತು. ಬಾಲವನ್ನು ತಗ್ಗಿಸಿ, ರೆಕ್ಕೆಗಳನ್ನು ಅಲುಗಾಡಿಸಿ, ಅಡಗಿದ ನೀರನ್ನು ಹೊರಬಾಯಿಗೆ ತಂದು ನೋಡುವ ಕ್ರಮವೂ ಆಗ ಬಳಕೆಗೆ ಬಂತು. ಮಳೆಯ ನೀರು ಒಳಕ್ಕೆ ಇಳಿಯುತ್ತಿದ್ದುದು ಬಹುಮಟ್ಟಿಗೆ ಟ್ಯಾಂಕಿನ ಮುಚ್ಚಳದ ಹಳೆಯ ವಾಷರಿನಿಂದ ಎಂಬುದನ್ನು ಗಮನಿಸಬೇಕು. ನಿಮ್ಮ ಟ್ರ್ಯಾಕ್ಟರಿನ ಡೀಸೆಲ್ ಮುಚ್ಚಳದ ವಾಷರನ್ನು ಕಡೆಯ ಸಲ ನೋಡಿದ್ದು ಯಾವಾಗ?

ಗಾಜಿನ ಲೋಟದ ಪರೀಕ್ಷೆ

ಬೆಂಗಳೂರಿನ ಬಳಿಯ ಜಕ್ಕೂರಾಗಲಿ, ಬೇರಾವ ವಿಮಾನ ಶಾಲೆಯಾಗಲಿ, ದಿನದ ಮೊದಲ ಹಾರಾಟಕ್ಕೆ ಮುಂಚೆ ಮತ್ತು ಪ್ರತಿಸಲ ಇಂಧನ ತುಂಬಿದ ಮೇಲೆ ಮಾಡಲೇಬೇಕಾದ ಕೆಲಸವೊಂದಿದೆ. ಪ್ರತಿ ಟ್ಯಾಂಕಿನ ಅತಿ ತಗ್ಗಿನ ಜಾಗದಿಂದಲೂ, ಎಂಜಿನ್ನಿಗೆ ಮುಂಚೆ ಇರುವ ಜರಡಿಯಿಂದಲೂ ಸ್ವಲ್ಪ ಸ್ವಲ್ಪ ಇಂಧನವನ್ನು ಪಾರದರ್ಶಕ ಲೋಟಕ್ಕೆ ಇಳಿಸಿ ಬೆಳಕಿಗೆ ಹಿಡಿದು ನೋಡಲಾಗುತ್ತದೆ. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ವಿಮಾನ ಪೆಟ್ರೋಲಿಗೆ ನೀಲಿ ಬಣ್ಣ ಬೆರೆಸಿರುತ್ತಾರೆ. ನೀರಿದ್ದರೆ ತಳದಲ್ಲಿ ಬಣ್ಣವಿಲ್ಲದ ಗುಳ್ಳೆಯಂತೆ ಅಥವಾ ಪದರದಂತೆ ಕಾಣುತ್ತದೆ. ನೀರು ಬರುವುದು ಪೂರ್ತಿ ನಿಲ್ಲುವವರೆಗೆ ಮತ್ತೆ ಮತ್ತೆ ಇಳಿಸಬೇಕು.

ಇಲ್ಲಿ ಅನುಭವಿಗಳೂ ಮೋಸಹೋಗುವ ಒಂದು ಸೂಕ್ಷ್ಮವಿದೆ. ಲೋಟದ ತುಂಬ ಬರೀ ನೀರೇ ಬಂದರೆ ಎರಡು ಪದರಗಳ ನಡುವಿನ ಗೆರೆ ಕಾಣುವುದಿಲ್ಲ. ‘ಒಂದೇ ಸಮನಾಗಿದೆ, ಸ್ವಚ್ಛವಾಗಿದೆ’ ಎಂದು ಅವಸರದಲ್ಲಿ ಚೆಲ್ಲಿಬಿಡುವ ಸಂಭವವಿದೆ. ಆದುದರಿಂದ ಬಣ್ಣ ನೋಡಬೇಕು, ಮೂಸಬೇಕು, ಸಂಶಯ ಬಂದರೆ ಒಳ್ಳೆಯ ಇಂಧನದ ಎರಡು ಹನಿಯನ್ನು ಅದರ ಮೇಲೆ ಬಿಡಬೇಕು. ಹನಿಗಳು ಬೆರೆಯದೆ ತೇಲಿದರೆ ಲೋಟದಲ್ಲಿರುವುದು ನೀರು.

ತುಂಬಿದ ತಕ್ಷಣ ಇಳಿಸಿ ನೋಡುವುದರಿಂದಲೂ ಪ್ರಯೋಜನ ಕಡಿಮೆ. ಸುರಿಯುವಾಗ ನೀರು ಸಣ್ಣ ಹನಿಗಳಾಗಿ ಒಡೆದು ಇಂಧನದಲ್ಲೆಲ್ಲ ಹರಡಿಕೊಂಡಿರುತ್ತದೆ; ತಳ ಸೇರಲು ಸಮಯ ಬೇಕು. ವಿಮಾನ ಪೆಟ್ರೋಲಿನಲ್ಲಿ ಒಂದು ಅಡಿ ಆಳಕ್ಕೆ ಸುಮಾರು 15 ನಿಮಿಷ, ಸೀಮೆಎಣ್ಣೆಯನ್ನು ಹೋಲುವ ಜೆಟ್ ಇಂಧನದಲ್ಲಿ ಒಂದು ಅಡಿಗೆ ಒಂದು ಗಂಟೆ ಎಂದು ಅವರು ಲೆಕ್ಕವಿಟ್ಟುಕೊಂಡಿದ್ದಾರೆ. ಡೀಸೆಲ್ ಇನ್ನೂ ಮಂದ. ಅದಕ್ಕೆ ಒಂದು ರಾತ್ರಿಯನ್ನಾದರೂ ಕೊಡಬೇಕು.

ಲೋಟದಲ್ಲಿ ಕಾಣದ ಕಲ್ಮಶ

ನೀರಾದರೂ ಕಣ್ಣಿಗೆ ಬೀಳುತ್ತದೆ. 1999ರ ಕೊನೆಯಲ್ಲಿ ಆಸ್ಟ್ರೇಲಿಯದಲ್ಲಿ ನಡೆದದ್ದು ಬೇರೆ. ಮೆಲ್ಬೋರ್ನ್ ಬಳಿಯ ಆಲ್ಟೋನಾ ಎಂಬಲ್ಲಿನ ತೈಲ ಶುದ್ಧೀಕರಣಾಗಾರದಲ್ಲಿ ಕೊಳವೆಗಳು ತುಕ್ಕು ಹಿಡಿಯದಿರಲೆಂದು ಎಥಿಲೀನ್ ಡೈಅಮೀನ್ ಎಂಬ ರಾಸಾಯನಿಕವನ್ನು ಬಳಸುತ್ತಿದ್ದರು. ಅದರ ಅತ್ಯಲ್ಪ ಅಂಶ ವಿಮಾನ ಪೆಟ್ರೋಲಿನಲ್ಲಿ ಉಳಿದುಬಿಟ್ಟಿತು. ಸಾಮಾನ್ಯ ಪರೀಕ್ಷೆಗಳಲ್ಲಿ ಇದು ಗೊತ್ತಾಗಲಿಲ್ಲ. ವಿಮಾನದೊಳಗಿನ ಹಿತ್ತಾಳೆ ಭಾಗಗಳೊಡನೆ ಸೇರಿ ಅದು ಕಪ್ಪು ಅಂಟಾಗಿ ಇಂಧನದ ದಾರಿಯಲ್ಲಿ ಕಟ್ಟಿಕೊಳ್ಳುತ್ತಿತ್ತು. ವಿಷಯ ಬೆಳಕಿಗೆ ಬಂದ ಮೇಲೆ 2000ದ ಜನವರಿಯಲ್ಲಿ ಸುಮಾರು 5000 ಸಣ್ಣ ವಿಮಾನಗಳನ್ನು ನೆಲಕ್ಕಿಳಿಸಿ ನಿಲ್ಲಿಸಬೇಕಾಯಿತು. ಔಷಧಿಯ ಹಳೆಯ ಡಬ್ಬವನ್ನು ಎರಡು ಸಲ ತೊಳೆದು ಡೀಸೆಲ್ ತರಲು ಬಳಸುವವರು ಈ ಸಂಗತಿಯನ್ನು ನೆನಪಿನಲ್ಲಿಡಬೇಕು. ಒಂದು ಅಂಶ ಉಳಿದರೆ ಏನಾದೀತು ಎಂಬುದಕ್ಕೆ ಇದು ಉತ್ತರ.

ಇನ್ನೊಂದು ಪ್ರಸಂಗ ನಮಗೆ ಮತ್ತೂ ಹತ್ತಿರದ್ದು, ಏಕೆಂದರೆ ಅದರಲ್ಲಿ ಯೂರಿಯಾ ಇದೆ. ಹೊಸ ಡೀಸೆಲ್ ವಾಹನಗಳ ಹೊಗೆಯನ್ನು ಶುದ್ಧ ಮಾಡಲು ಪ್ರತ್ಯೇಕ ಟ್ಯಾಂಕಿನಲ್ಲಿ ಹಾಕುವ ದ್ರವವೊಂದಿದೆ. ಅದು ಶೇ. 32.5ರಷ್ಟು ಶುದ್ಧ ಯೂರಿಯಾ, ಉಳಿದದ್ದು ಶುದ್ಧ ನೀರು. ಅಮೆರಿಕದ ಒಮಾಹಾದಲ್ಲಿ 2017ರಲ್ಲಿ, ಫ್ಲಾರಿಡಾದ ಒಪಾ-ಲಾಕಾದಲ್ಲಿ 2018ರಲ್ಲಿ, ಅದೇ ರಾಜ್ಯದ ಪುಂಟಾ ಗೋರ್ಡಾದಲ್ಲಿ 2019ರಲ್ಲಿ, ಜೆಟ್ ಇಂಧನಕ್ಕೆ ಬೆರೆಸುವ ಹಿಮನಿರೋಧಕದ ಬದಲು ಕೆಲಸಗಾರರು ತಪ್ಪಿ ಈ ಯೂರಿಯಾ ದ್ರವವನ್ನು ಬಳಸಿದರು. ಯೂರಿಯಾ ಜೆಟ್ ಇಂಧನದಲ್ಲಿ ಕರಗುವುದಿಲ್ಲ. ಹರಳುಗಟ್ಟಿ ಫಿಲ್ಟರುಗಳನ್ನು ಮುಚ್ಚಿಬಿಡುತ್ತದೆ. 2019ರ ಮೇ ತಿಂಗಳಲ್ಲಿ ಪುಂಟಾ ಗೋರ್ಡಾದಿಂದ ಹೊರಟ ಎರಡು ಸಣ್ಣ ಜೆಟ್ ವಿಮಾನಗಳ ಎಂಜಿನ್ನುಗಳು ಹಾರಾಟದಲ್ಲೇ ಕೈಕೊಟ್ಟವು. ಚಾಲಕರ ಚಾಕಚಕ್ಯತೆಯಿಂದ ಎರಡೂ ಸುರಕ್ಷಿತವಾಗಿ ಇಳಿದವು. ಎರಡು ದ್ರವಗಳೂ ನೋಡಲು ನೀರಿನಂತೆಯೇ ಇದ್ದವು, ಡಬ್ಬದ ಮೇಲಿನ ಹೆಸರನ್ನು ಯಾರೂ ಸರಿಯಾಗಿ ಓದಲಿಲ್ಲ, ಆದದ್ದು ಇಷ್ಟೇ.

ನಮ್ಮಲ್ಲಿಯೂ 2020ರಿಂದೀಚಿನ ಅನೇಕ ಸರಕು ವಾಹನಗಳಿಗೆ ಈ ದ್ರವ ಬೇಕು. ಅದರ ಮುಚ್ಚಳ ಸಾಮಾನ್ಯವಾಗಿ ನೀಲಿ. ಅದನ್ನು ತಪ್ಪಿ ಡೀಸೆಲ್ ಟ್ಯಾಂಕಿಗೆ ಸುರಿದದ್ದು ಗೊತ್ತಾದರೆ ಕೀಲಿಯನ್ನೇ ತಿರುಗಿಸಕೂಡದು. ಎಂಜಿನ್ ಹೊತ್ತಿಸದಿದ್ದರೆ ಟ್ಯಾಂಕು ಖಾಲಿ ಮಾಡಿ ತೊಳೆಯುವುದರಲ್ಲಿ ಮುಗಿಯುತ್ತದೆ. ಹೊತ್ತಿಸಿದರೆ ಪಂಪು, ಕೊಳವೆ, ನಾಜಲ್ಲು ಎಲ್ಲಕ್ಕೂ ಖರ್ಚು. ಚೀಲದ ಯೂರಿಯಾ ಗೊಬ್ಬರವನ್ನು ನೀರಿನಲ್ಲಿ ಕದಡಿ ಈ ದ್ರವವನ್ನು ಮನೆಯಲ್ಲೇ ಮಾಡಿಕೊಳ್ಳುವ ಯೋಚನೆಯನ್ನೂ ಬಿಡಬೇಕು. 2015ರಿಂದ ನಮ್ಮ ಗೊಬ್ಬರದ ಯೂರಿಯಾಕ್ಕೆ ಬೇವಿನೆಣ್ಣೆಯ ಲೇಪವಿದೆ. ಅದು ಬೆಳೆಗೆ ಒಳ್ಳೆಯದು, ವಾಹನಕ್ಕಲ್ಲ.

ನಮ್ಮ ಎಂಜಿನ್ನಿಗೆ ಆಗುವ ಹಾನಿ

ಡೀಸೆಲ್ ಎಂಜಿನ್ನಿನಲ್ಲಿ ಎಲ್ಲಕ್ಕಿಂತ ನಾಜೂಕಾದದ್ದು, ಎಲ್ಲಕ್ಕಿಂತ ಬೆಲೆಯದ್ದು ಇಂಜೆಕ್ಷನ್ ಪಂಪು. ಅದರೊಳಗಿನ ಪ್ಲಂಜರಿಗೂ ಅದು ಓಡಾಡುವ ಕೊಳವೆಗೂ ನಡುವೆ ಇರುವ ಸಂದು ಒಂದು ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಎರಡರಿಂದ ನಾಲ್ಕು ಭಾಗ ಮಾತ್ರ. ನಮ್ಮ ತಲೆಕೂದಲು ಅದಕ್ಕಿಂತ ಇಪ್ಪತ್ತು ಪಟ್ಟು ದಪ್ಪ. ಈ ಸಂದಿಗೆ ಬೇರೆ ಎಣ್ಣೆ ಬಿಡುವುದಿಲ್ಲ; ಹಲವು ಪಂಪುಗಳಲ್ಲಿ ಹಾದುಹೋಗುವ ಡೀಸೆಲ್ಲೇ ಜಾರೆಣ್ಣೆಯ ಕೆಲಸ ಮಾಡುತ್ತದೆ. ನೀರಿಗೆ ಆ ಗುಣವಿಲ್ಲ. ನೀರು ಬಂದಾಗ ಲೋಹಕ್ಕೆ ಲೋಹ ಉಜ್ಜುತ್ತದೆ. ಎಂಜಿನ್ ನಿಂತಿರುವಾಗ ಅದೇ ಜಾಗದಲ್ಲಿ ತುಕ್ಕು ಹಿಡಿಯುತ್ತದೆ. ಕಣ್ಣಿಗೆ ಕಾಣದ ಧೂಳು ಉಪ್ಪುಕಾಗದದಂತೆ ತೀಡುತ್ತದೆ. ಬಿಸಿಯಾದ ನಾಜಲ್ಲಿನ ತುದಿಯಲ್ಲಿ ನೀರು ಒಮ್ಮೆಲೇ ಆವಿಯಾಗಿ ತುದಿ ಒಡೆಯುವುದೂ ಉಂಟು.

ಮತ್ತೊಂದು ಉಪದ್ರವ ಜೀವಿಗಳದು. ನೀರಿಗೂ ಡೀಸೆಲ್ಲಿಗೂ ನಡುವಿನ ಗಡಿಯಲ್ಲಿ ಬೆಳೆಯುವ ಶಿಲೀಂಧ್ರಗಳೂ ಬ್ಯಾಕ್ಟೀರಿಯಗಳೂ ಇವೆ. ಅವುಗಳಲ್ಲೊಂದನ್ನು ‘ಸೀಮೆಎಣ್ಣೆ ಶಿಲೀಂಧ್ರ’ ಎಂದೇ ಕರೆಯುತ್ತಾರೆ. ಜೆಟ್ ವಿಮಾನಗಳ ಟ್ಯಾಂಕುಗಳಲ್ಲಿ ಅದು ದೊಡ್ಡ ತಲೆನೋವಾಗಿತ್ತು. ಫಿಲ್ಟರಿನಲ್ಲಿ ಕಂದು ಅಥವಾ ಕಪ್ಪು ಲೋಳೆ ಕಂಡರೆ ಇವುಗಳನ್ನು ಶಂಕಿಸಿರಿ. ಬದುಕಲು ಅವಕ್ಕೆ ನೀರು ಬೇಕೇ ಬೇಕು. ತಳದ ನೀರನ್ನು ತೆಗೆದರೆ ಅವು ಬೆಳೆಯವು.

ನೀರು ಬರುವುದೆಲ್ಲಿಂದ?

ಅರ್ಧ ಖಾಲಿ ಟ್ಯಾಂಕಿನಲ್ಲಿ ರಾತ್ರಿಯ ತಂಪಿಗೆ ಗಾಳಿಯ ತೇವ ಬೆವರಿನಂತೆ ಇಳಿಯುತ್ತದೆ, ಆದುದರಿಂದ ಸಂಜೆಯೇ ಟ್ಯಾಂಕು ತುಂಬಿಸಿಡಿ ಎಂದು ಎಲ್ಲ ಕೈಪಿಡಿಗಳೂ ಹೇಳುತ್ತವೆ. ಸಲಹೆ ಸರಿಯಾದುದೇ. ಆದರೆ ಪ್ರಮಾಣವನ್ನೂ ತಿಳಿದಿರಬೇಕು. 100 ಲೀಟರ್ ಖಾಲಿ ಜಾಗದಲ್ಲಿ ತೇವ ತುಂಬಿದ ಗಾಳಿ 30 ಡಿಗ್ರಿಯಿಂದ 20 ಡಿಗ್ರಿಗೆ ತಣಿದರೆ ಇಳಿಯುವ ನೀರು ಒಂದೂಕಾಲು ಗ್ರಾಮಿನಷ್ಟು. ತಿಂಗಳುಗಟ್ಟಲೆ ಸುಮ್ಮನೆ ನಿಂತ ಯಂತ್ರಕ್ಕೆ ಇದು ಮುಖ್ಯ. ನಿತ್ಯ ಓಡುವ ಯಂತ್ರಕ್ಕೆ ನೀರು ಬರುವುದು ಹೆಚ್ಚಾಗಿ ಪೀಪಾಯಿಯಿಂದ.

200 ಲೀಟರಿನ ಪೀಪಾಯಿಯನ್ನು ಬಯಲಿನಲ್ಲಿ ನೆಟ್ಟಗೆ ನಿಲ್ಲಿಸಿದರೆ ಅದರ ತಲೆಯ ಅಂಚಿನೊಳಗೆ ಮಳೆನೀರು ನಿಲ್ಲುತ್ತದೆ. ಒಂದು ಸೆಂಟಿಮೀಟರ್ ನಿಂತರೂ ಅದು ಸುಮಾರು ಎರಡೂವರೆ ಲೀಟರ್. ಹಗಲು ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಮುಚ್ಚಳದ ಸಂದಿನಿಂದ ಹೊರಬೀಳುತ್ತದೆ. ರಾತ್ರಿ ತಣಿದು ಕುಗ್ಗಿದಾಗ ಅದೇ ಸಂದಿನಿಂದ ಒಳಕ್ಕೆ ಎಳೆಯುತ್ತದೆ, ಆಗ ಎಳೆದುಕೊಳ್ಳುವುದು ಮೇಲೆ ನಿಂತ ನೀರನ್ನು. ಮುಚ್ಚಳ ಬಿಗಿಯಾಗಿ ತಿರುಗಿಸಿದ್ದೇನೆಂದು ನಂಬಿ ಕೂರಬೇಡಿ. ಪೀಪಾಯಿಯನ್ನು ಸೂರಿನ ಕೆಳಗೆ ಇಡುವುದು ಉತ್ತಮ. ಹೊರಗೇ ಇಡಬೇಕಾದರೆ ಮರದ ತೊಲೆಗಳ ಮೇಲೆ ಅಡ್ಡ ಮಲಗಿಸಿ, ತಲೆಯ ಮೇಲಿನ ಎರಡು ಮುಚ್ಚಳಗಳೂ ನೆಲಕ್ಕೆ ಸಮಾನವಾದ ಒಂದೇ ಗೆರೆಯಲ್ಲಿ ಬರುವಂತೆ ಇಡಬೇಕು. ಆಗ ಮುಚ್ಚಳಗಳ ಒಳಬದಿಯಲ್ಲಿ ಡೀಸೆಲ್ ನಿಂತು ಗಾಳಿಯ ಹೋಗುಬರುವಿಕೆಗೆ ಎಡೆಯಿರುವುದಿಲ್ಲ. ಇಂಧನ ತೆಗೆಯುವ ಹಿಂದಿನ ದಿನ ಪೀಪಾಯಿಯನ್ನು ನಿಲ್ಲಿಸಿ, ಒಂದು ಪಕ್ಕಕ್ಕೆ ಇಟ್ಟಿಗೆ ಕೊಟ್ಟು ಓರೆ ಮಾಡಿರಿ. ಹೀರುಕೊಳವೆಯ ತುದಿ ತಳದಿಂದ ನಾಲ್ಕು ಬೆರಳು ಮೇಲಿರಲಿ. ಕೆಳಗೆ ಉಳಿದದ್ದನ್ನು ಬೇರೆ ಗಾಜಿನ ಸೀಸೆಗೆ ಬಗ್ಗಿಸಿ ನೋಡಿದರೆ ಅದರಲ್ಲಿ ಏನೇನಿತ್ತೆಂದು ಗೊತ್ತಾಗುತ್ತದೆ.

ಸತುವಿನ ಲೇಪವಿರುವ ಬಕೀಟು, ಡಬ್ಬಗಳಲ್ಲಿ ಡೀಸೆಲ್ ಬಹುಕಾಲ ಇಡಕೂಡದು. ಸತುವು ಡೀಸೆಲ್ಲಿನೊಡನೆ ಸೇರಿ ಸಾಬೂನಿನಂಥ ಮಡ್ಡಿಯಾಗಿ ಫಿಲ್ಟರ್ ಕಟ್ಟುತ್ತದೆ. ಆಲಿಕೆಗೆ ಹಿತ್ತಾಳೆಯ ಸಣ್ಣ ಬಲೆ ಇರಲಿ. ನೂಲು ಬಿಡುವ ಹಳೆಯ ಪಂಚೆಯ ತುಂಡಿನಲ್ಲಿ ಸೋಸಿದರೆ ಕಸದ ಬದಲು ನೂಲು ಹೋಗುತ್ತದೆ. ಹಿಂದೆ ವಿಮಾನಗಳಿಗೆ ಪೆಟ್ರೋಲನ್ನು ಹದಮಾಡಿದ ಮೃದು ಚರ್ಮದ ಮೂಲಕ ಸೋಸಿ ತುಂಬುತ್ತಿದ್ದರು. ಅದು ಪೆಟ್ರೋಲನ್ನು ಬಿಟ್ಟು ನೀರನ್ನು ತಡೆಯುತ್ತಿತ್ತು. ಬಟ್ಟೆಯಿಂದ ಅದು ಸಾಧ್ಯವಿಲ್ಲ.

ಪೆಟ್ರೋಲ್ ಸ್ಪ್ರೇಯರ್ ಇರುವವರಿಗೆ

2025ರ ಹೊತ್ತಿಗೆ ದೇಶದ ಬಹುಪಾಲು ಬಂಕುಗಳಲ್ಲಿ ಶೇ. 20ರವರೆಗೆ ಎಥೆನಾಲ್ ಬೆರೆತ ಪೆಟ್ರೋಲ್ ದೊರೆಯುವಂತಾಯಿತು. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ. ಸ್ವಲ್ಪ ನೀರಾದರೆ ಬೆರೆತು ಹೋಗುತ್ತದೆ. ಮಿತಿ ದಾಟಿದರೆ ಎಥೆನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲಿನಿಂದ ಬಿಟ್ಟುಕೊಂಡು ತಳಕ್ಕಿಳಿಯುತ್ತವೆ. ಎರಡು ಸ್ಟ್ರೋಕಿನ ಸ್ಪ್ರೇಯರ್, ಕಳೆ ಕತ್ತರಿಸುವ ಯಂತ್ರಗಳಿಗೆ ಇದು ಬಲು ಅಪಾಯ. ನಾವು ಬೆರೆಸಿದ ಎಂಜಿನ್ ಆಯಿಲ್ ಮೇಲಿನ ಪೆಟ್ರೋಲಿನಲ್ಲಿ ಉಳಿಯುತ್ತದೆ, ಎಂಜಿನ್ನಿಗೆ ಹೋಗುವುದು ತಳದ ಪದರ. ಎಣ್ಣೆಯಿಲ್ಲದೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಸಣ್ಣ ವಿಮಾನಗಳಲ್ಲಿ ಬಹುಪಾಲಿಗೆ ಎಥೆನಾಲ್ ಬೆರೆತ ಪೆಟ್ರೋಲನ್ನು ನಿಷೇಧಿಸಲು ಇಂಥವೇ ಕಾರಣಗಳಿವೆ. ಅಡಕೆಗೆ ಬೋರ್ಡೋ ಸಿಂಪಡಿಸಿ ಮುಗಿದ ಮೇಲೆ ಟ್ಯಾಂಕನ್ನು ಖಾಲಿ ಮಾಡಿ, ಕಾರ್ಬ್ಯುರೇಟರಿನಲ್ಲಿ ಉಳಿದದ್ದು ತೀರುವವರೆಗೆ ಎಂಜಿನ್ ಓಡಿಸಿ, ನಂತರ ಒಳಗಿಡಬೇಕು. ಹೋದ ವರ್ಷ ಉಳಿದ ಪೆಟ್ರೋಲನ್ನು ಈ ವರ್ಷ ಹಾಕುವುದು ಉಳಿತಾಯವಲ್ಲ.

ಎಂಜಿನ್ ನಿಂತಾಗ

ನೀರು ಬಂದ ಡೀಸೆಲ್ ಎಂಜಿನ್ ಮೊದಲು ಒಂದೇ ಸಮನೆ ಓಡದೆ ಏರಿಳಿಯುತ್ತದೆ, ಬಿಳಿ ಹೊಗೆ ಬಿಡುತ್ತದೆ, ಶಕ್ತಿ ಕುಂದುತ್ತದೆ, ನಂತರ ನಿಲ್ಲುತ್ತದೆ. ಆಗ ಮತ್ತೆ ಮತ್ತೆ ಹ್ಯಾಂಡಲ್ ಹೊಡೆಯುವುದಾಗಲಿ ಸೆಲ್ಫ್ ಒತ್ತುವುದಾಗಲಿ ಮಾಡಬೇಡಿ. ಒಂದೊಂದು ತಿರುವೂ ನೀರನ್ನು ಪಂಪಿನೊಳಕ್ಕೆ ತಳ್ಳುತ್ತದೆ. ಮೊದಲು ಫಿಲ್ಟರಿನ ಕೆಳಗಿನ ತಿರುಪನ್ನು ಬಿಚ್ಚಿ, ಬಂದದ್ದನ್ನು ಗಾಜಿನ ಸೀಸೆಯಲ್ಲಿ ಹಿಡಿದು ನೋಡಿ. ನೀರಿದ್ದರೆ ಟ್ಯಾಂಕಿನ ತಳದ ತಿರುಪನ್ನೂ ಬಿಚ್ಚಿ ಶುದ್ಧ ಡೀಸೆಲ್ ಬರುವವರೆಗೆ ಹರಿಸಿರಿ. ಟ್ರ್ಯಾಕ್ಟರ್ ಇಳಿಜಾರಿನಲ್ಲಿ ನಿಂತಿದ್ದರೆ ಸಮನೆಲಕ್ಕೆ ತಳ್ಳಿಸಿ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ನೋಡಿ. ಸೆಸ್ನಾ ಚಾಲಕರು ರೆಕ್ಕೆ ಅಲುಗಾಡಿಸಿದ್ದು ಇದಕ್ಕೇ. ಗಾಜಿನ ಬಟ್ಟಲಿದ್ದರೆ ಬಿಚ್ಚಿ ಡೀಸೆಲ್ಲಿನಲ್ಲೇ ತೊಳೆಯಿರಿ. ಕಾಗದದ ಫಿಲ್ಟರ್ ನೀರು ಕುಡಿದಿದ್ದರೆ ಒಣಗಿಸಿ ಹಾಕುವುದು ಬೇಡ, ಬದಲಾಯಿಸಿರಿ.

ಮತ್ತೆ ಜೋಡಿಸಿದ ಮೇಲೆ ಒಳಗೆ ಸೇರಿದ ಗಾಳಿ ತೆಗೆಯಬೇಕು. ಫಿಲ್ಟರಿನ ಮೇಲಿನ ಗಾಳಿ ತಿರುಪನ್ನು ಎರಡು ಸುತ್ತು ಸಡಿಲಿಸಿ, ಕೈಪಂಪಿದ್ದರೆ ಅದನ್ನು ಒತ್ತುತ್ತಾ, ಗುಳ್ಳೆಯಿಲ್ಲದ ಡೀಸೆಲ್ ಬಂದ ಕೂಡಲೇ ಬಿಗಿಯಿರಿ. ಅನಂತರ ಇಂಜೆಕ್ಷನ್ ಪಂಪಿನ ತಿರುಪು, ಕೊನೆಗೆ ನಾಜಲ್ಲಿಗೆ ಹೋಗುವ ಕೊಳವೆಯ ನಟ್ಟು. ಕೊಳವೆಯ ನಟ್ಟು ಸಡಿಲವಿರುವಾಗ ಕೈಯನ್ನಾಗಲಿ ಮುಖವನ್ನಾಗಲಿ ಹತ್ತಿರ ಒಡ್ಡಬೇಡಿ. ಅಲ್ಲಿನ ಒತ್ತಡ ಚರ್ಮವನ್ನು ತೂರಿಹೋಗುವಷ್ಟಿರುತ್ತದೆ. ಇಷ್ಟಾದರೂ ಎಂಜಿನ್ ಹೊತ್ತದಿದ್ದರೆ ಪಂಪನ್ನು ಹೊಲದಲ್ಲಿ ಬಿಚ್ಚದೆ ಪರೀಕ್ಷಾ ಯಂತ್ರವಿರುವ ಅಂಗಡಿಗೆ ಕಳಿಸುವುದು ಸೂಕ್ತ.

ತೆಗೆದ ನೀರು-ಡೀಸೆಲ್ ಮಿಶ್ರಣವನ್ನು ಬಾವಿಯ ಕಟ್ಟೆಯ ಬಳಿಯಾಗಲಿ ಬದುವಿನಲ್ಲಾಗಲಿ ಚೆಲ್ಲಬಾರದು. ಮುಚ್ಚಳವಿರುವ ಹಳೆಯ ಡಬ್ಬದಲ್ಲಿ ಕೂಡಿಹಾಕಿ. ನಾಲ್ಕು ದಿನದಲ್ಲಿ ಮೇಲೆ ನಿಂತ ಡೀಸೆಲ್ ಗುದ್ದಲಿ, ನೇಗಿಲಿನ ಗುಳಗಳಿಗೆ ತುಕ್ಕು ಹಿಡಿಯದಂತೆ ಸವರಲು ಬರುತ್ತದೆ. ಎಂಜಿನ್ನಿಗೆ ಮಾತ್ರ ಮತ್ತೆ ಹಾಕಬೇಡಿ.